ಹಕ್ಕಿಗೆ ನೀರಿಟ್ಟರೆ ಸಾಲದು

ಚೈತ್ರದ ಬಿಸಿಲು ಏರುತ್ತಿದ್ದಂತೆ ಬನಹಟ್ಟಿಯ ಮಾಳಿಗೆಗಳ ಮೇಲೆ ಹಕ್ಕಿಗಳಿಗಾಗಿ ನೀರಿನ ಬೋಗುಣಿಗಳು ಕಾಣಿಸಿಕೊಳ್ಳುತ್ತವೆ. ಮಗ್ಗದ ಸದ್ದಿನ ನಡುವೆಯೂ ಗುಬ್ಬಿ, ಬೆಳವ, ಪಾರಿವಾಳಗಳನ್ನು ಮರೆಯದ ಈ ಔದಾರ್ಯ ಮೆಚ್ಚತಕ್ಕದ್ದೇ. ಆದರೆ ಆ ಬೋಗುಣಿಯನ್ನು ತೊಳೆಯುವವರೆಷ್ಟು ಮಂದಿ?

ಕಳೆದ ಬೇಸಿಗೆಯಲ್ಲಿ ನನ್ನ ಮನೆಯ ಬೋಗುಣಿಯ ಪಕ್ಕ ಒಂದು ಬೆಳವ ಗರಿ ಉಬ್ಬಿಸಿಕೊಂಡು ಕುಳಿತಿತ್ತು. ಕೊಕ್ಕು ಒದ್ದೆಯಾಗಿತ್ತು, ಕಾಳನ್ನು ನುಂಗಲಾರದೆ ಉಗುಳುತ್ತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಮರುದಿನ ಸತ್ತಿತು. ನಾನು ದೂರವಾಣಿ ಮಾಡಿದ ಕಚೇರಿಯವರು, ‘ಕೋಳಿ ಸತ್ತಿದ್ರ ಹೇಳ್ರಿ, ನೋಡೂಣು’ ಎಂದರು. ಸರ್ಕಾರಿ ಸೇವೆಯಲ್ಲೇ ಆಯುಷ್ಯ ಕಳೆದ ನನಗೆ ಆ ಉತ್ತರ ಹೊಸದೇನಲ್ಲ. ಆದರೆ ಹದಿನೈದು ದಿನ ನೀರು ಸುರಿದೆನೇ ಹೊರತು ಬೋಗುಣಿ ತೊಳೆದಿರಲಿಲ್ಲವೆಂಬ ತಪ್ಪು ನನ್ನದೇ.

ಆ ಬೆಳವದ ಪರೀಕ್ಷೆ ನಡೆಯಲಿಲ್ಲ. ಬೆಳವ, ಪಾರಿವಾಳಗಳಲ್ಲಿ ಇಂಥ ಲಕ್ಷಣಗಳಿಗೆ ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿ ಕಾರಣವಾಗಬಲ್ಲದು. ಗಂಟಲಲ್ಲಿ ಹುಣ್ಣು ಮೂಡಿಸುವ ಇದು ಜೊಲ್ಲು ಬಿದ್ದ ನೀರು, ಕಾಳುಗಳಿಂದ ಹರಡುತ್ತದೆ. 2005ರ ನಂತರ ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದದ್ದು ಈ ರೋಗದಿಂದಲೇ. ಕಣ್ಣು, ಕಾಲುಗಳ ಸುತ್ತ ಗಂಟುಗಳಿದ್ದರೆ ಅದು ಸೊಳ್ಳೆಯಿಂದಲೂ ಹರಡುವ ಹಕ್ಕಿ ಸಿಡುಬಿರಬಹುದು. ಒಂದೇ ಕಡೆ ಹಲವು ಹಕ್ಕಿಗಳು ಸತ್ತರಂತೂ ಉದಾಸೀನ ಸಲ್ಲದು. 2025ರ ಜನವರಿಯಲ್ಲಿ ಗಡಿಯಾಚೆಯ ಉದಗೀರದಲ್ಲಿ ಕಾಗೆಗಳು ಸತ್ತುಬಿದ್ದಾಗ ಪರೀಕ್ಷೆಯಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ, 2017-18ರಲ್ಲಿ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳ ಸಾವಿಗೆ ಜಂತುಹುಳುಗಳ ಬಾಧೆ ಕಾರಣವೆಂದು ತಿಳಿದುಬಂತು. ಪರೀಕ್ಷೆಯಿಲ್ಲದಿದ್ದರೆ ಉಳಿಯುವುದು ಒಂದೋ ಭೀತಿ, ಇಲ್ಲವೇ ನಿರ್ಲಕ್ಷ್ಯ.

ಒಬ್ಬರ ನಡೆಯ ವೆಚ್ಚವನ್ನು ಮತ್ತೊಬ್ಬರು ತೆರುವುದಕ್ಕೆ ಅರ್ಥಶಾಸ್ತ್ರ ‘ಬಾಹ್ಯ ಪರಿಣಾಮ’ ಎನ್ನುತ್ತದೆ. ನನ್ನ ಕೊಳಕು ಬೋಗುಣಿಯ ವೆಚ್ಚವನ್ನು ತೆರುವುದು ಓಣಿಯ ಹಕ್ಕಿಗಳು. ತಡೆಯುವ ಖರ್ಚಾದರೋ ಅತ್ಯಲ್ಪ. ನೀರನ್ನು ದಿನವೂ ಬದಲಿಸಬೇಕು. ಬೋಗುಣಿಯನ್ನು ವಾರಕ್ಕೊಮ್ಮೆಯಾದರೂ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಮತ್ತೆ ಶುದ್ಧ ನೀರಿನಿಂದ ಜಾಲಾಡಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಒಣಗಿದರೆ ಟ್ರೈಕೊಮೊನಾಸ್ ಬದುಕುಳಿಯದು. ನೂಲು ಬಿಳುಪಿಸುವುದನ್ನು ಬಲ್ಲ ನೇಕಾರರ ಊರಿಗೆ ಇದು ಕಷ್ಟದ ಕೆಲಸವಲ್ಲ. ರೋಗಿಷ್ಠ ಹಕ್ಕಿ ಕಂಡರೆ ನೀರು, ಕಾಳು ಇಡುವುದನ್ನು ಕೆಲವು ವಾರ ನಿಲ್ಲಿಸಬೇಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಕೂಡದು.

ಸರ್ಕಾರದ ಹೊಣೆಯೂ ಇದೆ. ಶಂಕಿತ ಹಕ್ಕಿಜ್ವರದ ಮಾದರಿಗಳನ್ನು ಪರೀಕ್ಷಿಸಲು ಭೋಪಾಲದಲ್ಲಿ ರಾಷ್ಟ್ರೀಯ ಸಂಸ್ಥೆಯಿದೆ. ಆದರೆ ಬನಹಟ್ಟಿಯ ಮಾಳಿಗೆಯಿಂದ ಅಲ್ಲಿಗೆ ಸುದ್ದಿ ತಲುಪಬೇಕಾದರೆ ಮೊದಲು ತಾಲ್ಲೂಕಿನಲ್ಲಿ ಕೇಳುವ ಕಿವಿಯಿರಬೇಕು. ಪ್ರತಿ ಪಶು ಆಸ್ಪತ್ರೆಯಲ್ಲೂ ಕಾಡುಹಕ್ಕಿಗಳ ಸಾವನ್ನು ದಾಖಲಿಸುವ ಒಂದು ವಹಿ ಇಟ್ಟರೆ ಬೊಕ್ಕಸಕ್ಕೆ ಹೊರೆಯಾಗದು. ಮನೆಯ ಕೋಳಿಗೆ ಬರುವ ರೋಗ ಕಾಡಿನ ಹಕ್ಕಿಗೂ ಬರುತ್ತದೆ. ಅದು ಮಾಲೀಕರನ್ನು ನೋಡಿ ಬರುವುದಿಲ್ಲ.