ಮನೆಯ ಹೊರಮೈಯೂ ಮಣ್ಣಿನ ಬಣ್ಣವೂ

ಈಚಿನ ಕೆಲವು ವರ್ಷಗಳಲ್ಲಿ ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳನ್ನು ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಂದಿರಬೇಕು. ಗಿಣಿಹಸುರು, ನೇರಿಳೆ, ಕಿತ್ತಳೆ ಎಂದು ಕಣ್ಣು ಕುಕ್ಕುತ್ತಿದ್ದ ಹೊರಗೋಡೆಗಳ ನಡುವೆ ಈಗ ಬಿಸ್ಕತ್ತಿನ ಬಣ್ಣ, ಮರಳಿನ ಬಣ್ಣ, ಕಾಫಿಪುಡಿಯ ಬಣ್ಣಗಳು ಮೆಲ್ಲನೆ ತಲೆಯೆತ್ತಿವೆ. ಗೋಡೆಗೆಲ್ಲ ತಿಳಿಯಾದ ಬಿಸ್ಕತ್ ಬಣ್ಣ, ಕಂಬಗಳಿಗೂ ಕಿಟಕಿಯ ಅಂಚಿಗೂ ಕಡುಕಂದು, ಬಾಗಿಲ ಪಕ್ಕದ ಒಂದು ಭಾಗಕ್ಕೆ ಕಲ್ಲನ್ನು ಹೋಲುವ ಟೈಲ್ಸು: ಇದು ಈಗಿನ ‘ಎಲಿವೇಷನ್’. ನಾನು ಈ ರುಚಿಯನ್ನು ಹಳಿಯಲು ಹೊರಟವನಲ್ಲ. ನೇರಿಳೆ ಬಣ್ಣದ ಮಹಡಿಮನೆಯೊಂದರ ಎದುರಿಗೆ ಆರು ವರ್ಷ ಬಾಡಿಗೆಗೆ ಇದ್ದವನು ನಾನು. ಬಿಸ್ಕತ್ ಬಣ್ಣದ ಬೆಲೆ ನನಗೆ ಚೆನ್ನಾಗಿ ಗೊತ್ತು. ಆದರೆ ಈ ಬಣ್ಣ ಎಲ್ಲಿಂದ ಬಂತು, ಯಾವುದನ್ನು ಹೊರಗೆ ಹಾಕಿ ಬಂತು ಎಂದು ಯೋಚಿಸತೊಡಗಿದಾಗ ಮನಸ್ಸಿಗೆ ಇರುಸುಮುರುಸಾಗುತ್ತದೆ.

ಕನ್ನಡ ಪಾಠ ಹೇಳುವವನಿಗೆ ಮೊದಲು ತಟ್ಟುವುದು ಮಾತು. ಇಂಗ್ಲಿಷಿನವರು ‘ಬೇಜ್’ ಎನ್ನುವ ಶಬ್ದ ಫ್ರೆಂಚಿನಿಂದ ಬಂದದ್ದು. ಬಣ್ಣದಲ್ಲಿ ಅದ್ದದೆ, ಕುರಿಯ ಮೈಮೇಲೆ ಇದ್ದಂತೆಯೇ ಇರುವ ಉಣ್ಣೆಗೆ ಅಲ್ಲಿ ಆ ಹೆಸರು. ಬಣ್ಣ ಹಾಕದಿರುವುದೇ ಒಂದು ಬಣ್ಣದ ಹೆಸರಾಯಿತೆಂದು ಹೇಳಬಹುದು. ನಮ್ಮ ಕಂಬಳಿಯ ಕುರಿಗಳು ಹೆಚ್ಚಾಗಿ ಕರಿಯವು. ಆ ದಾರಿಯಿಂದ ನಮಗೆ ಶಬ್ದ ಸಿಕ್ಕುವಂತಿರಲಿಲ್ಲ. ‘ಬ್ರೌನ್’ ಎಂಬುದಕ್ಕೆ ನಾವು ಹೇಳುವುದು ಕಂದು. ಕಂದುವುದೆಂದರೆ ಬಾಡುವುದು, ಕಳೆಗುಂದುವುದು. ಮುಖ ಕಂದಿತು ಎನ್ನುತ್ತೇವೆ, ಹೂವು ಕಂದಿತು ಎನ್ನುತ್ತೇವೆ. ಒಂದು ಬಣ್ಣವನ್ನು ಅದರ ಕುಂದಿನಿಂದಲೇ ಕರೆದ ಹಾಗಾಯಿತು. ಸಂಸ್ಕೃತದಲ್ಲಿ ಕಪಿಲ, ಕಪಿಶ, ಬಭ್ರು ಎಂಬ ಗೌರವದ ಶಬ್ದಗಳುಂಟು. ಬಭ್ರುವಿಗೂ ಇಂಗ್ಲಿಷಿನ ಬ್ರೌನಿಗೂ ದೂರದ ನಂಟಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಜೈಮಿನಿ ಭಾರತದ ಬಭ್ರುವಾಹನನ ಹೆಸರಿನಲ್ಲಿ ಈ ಬಣ್ಣ ಅಡಗಿದೆಯೆಂದರೆ ತರಗತಿಯಲ್ಲಿ ವಿದ್ಯಾರ್ಥಿಗಳು ನಗುತ್ತಾರೆ. ಅದಿರಲಿ, ನಿಘಂಟಿನಲ್ಲಿ ಇಲ್ಲದ ಸಂಪತ್ತು ಸೀರೆ ಅಂಗಡಿಯಲ್ಲಿದೆ. ಅಲ್ಲಿ ನಮ್ಮ ಹೆಂಗಸರು ಗೋಧಿ ಬಣ್ಣ, ಗಂಧದ ಬಣ್ಣ, ಬೆಲ್ಲದ ಬಣ್ಣ, ಇಟ್ಟಿಗೆ ಬಣ್ಣ, ನಶ್ಯದ ಬಣ್ಣ, ಬಾದಾಮಿ ಬಣ್ಣ ಎಂದು ಒಂದನ್ನೊಂದು ಬೆರಸದೆ ಬೇರ್ಪಡಿಸಬಲ್ಲರು. ಈ ಪ್ರತಿಯೊಂದು ಹೆಸರಿನ ಹಿಂದೆಯೂ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿದೆ. ಬಣ್ಣಕ್ಕೂ ವಸ್ತುವಿಗೂ ಇದ್ದ ಈ ನಂಟು ಮನೆಯ ಗೋಡೆಯಲ್ಲಿ ಕಡಿದುಹೋದದ್ದೇ ನನ್ನ ದೂರು.

ಹಿಂದೆ ಗೋಡೆಯ ಬಣ್ಣವನ್ನು ಯಾರೂ ಆರಿಸುತ್ತಿರಲಿಲ್ಲ. ನೆಲ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು. ನೆಲಕ್ಕೆ ಈ ಬಣ್ಣ ಕೊಡುವುದು ಬಹುಮಟ್ಟಿಗೆ ಕಬ್ಬಿಣ. ಮಣ್ಣಿನಲ್ಲಿರುವ ಕಬ್ಬಿಣ ಗಾಳಿ ನೀರುಗಳೊಡನೆ ಕೂಡಿ ಮುಖ್ಯವಾಗಿ ಎರಡು ರೂಪ ತಾಳುತ್ತದೆ: ನೀರಿನ ಅಂಶವಿಲ್ಲದ ಹೆಮಟೈಟ್ ಕೆಂಪು, ನೀರಿನ ಅಂಶವುಳ್ಳ ಗೋಥೈಟ್ ಹಳದಿ ಬೆರೆತ ಕಂದು. ಈ ಎರಡನೆಯದಕ್ಕೆ 1806ರಲ್ಲಿ ಇಟ್ಟ ಹೆಸರು ಜರ್ಮನಿಯ ಮಹಾಕವಿ ಗಯಟೆಯದು. ಬಣ್ಣಗಳನ್ನೇ ಕುರಿತು 1810ರಲ್ಲಿ ದೊಡ್ಡ ಗ್ರಂಥ ಬರೆದ ಕವಿಯ ಹೆಸರು ನಮ್ಮ ಹಿತ್ತಿಲ ಮಣ್ಣಿನಲ್ಲಿ ಸೇರಿಕೊಂಡಿರುವುದು ಸಾಹಿತ್ಯದ ಮಂದಿಗೆ ಸಂತೋಷದ ಸುದ್ದಿ. ಹಳದಿ ಮಣ್ಣನ್ನು ಸುಟ್ಟರೆ ನೀರಿನ ಅಂಶ ಹಾರಿ ಅದು ಕೆಂಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಹೊಳೆದಂಡೆಯ ಜೇಡಿಮಣ್ಣು ಒಲೆಯಲ್ಲಿ ಬೆಂದು ಕೆಂಪಾದದ್ದೂ ಕಬ್ಬಿಣದ ಈ ಗುಣದಿಂದಲೇ.

ಕರಾವಳಿಗೆ ಹೋಗಿ ನೋಡಿ. ಅಲ್ಲಿನ ಮುರಕಲ್ಲನ್ನು ನೆಲದಿಂದ ಕಡಿಯುವಾಗ ಅದು ಮೆತ್ತಗಿರುತ್ತದೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. 1800-01ರಲ್ಲಿ ಈ ಸೀಮೆಗಳಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಮಲಬಾರಿನಲ್ಲಿ ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರು ಕಟ್ಟಿದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಗಾರೆ ಮಾಡದ ಮುರಕಲ್ಲಿನ ಗೋಡೆಯಲ್ಲಿ ಜೇನು, ಅರಿಸಿನ, ತುಕ್ಕು, ಕಾಚು ಎಲ್ಲ ಬಣ್ಣಗಳೂ ಒಂದೇ ಕಲ್ಲಿನಲ್ಲಿ ಸಿಕ್ಕುತ್ತವೆ. ಯಾವ ಕಾರ್ಖಾನೆಯೂ ಅದನ್ನು ಡಬ್ಬಿಯಲ್ಲಿ ತುಂಬಲಾರದು. ಘಟ್ಟ ಹತ್ತಿದರೆ ಮಲೆನಾಡಿನ ಕೆಮ್ಮಣ್ಣಿನ ಗೋಡೆ. ಅದರ ಮೇಲೆ ದೀವರ ಹೆಂಗಸರು ಅಕ್ಕಿಹಿಟ್ಟಿನಲ್ಲಿ ಬರೆದ ಹಸೆ. ಉತ್ತರ ಕನ್ನಡದ ಕಡೆ ಕಾವಿ ಕಲೆ: ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಬಳಿದು, ಅದು ಒಣಗುವ ಮೊದಲೇ ಕೆರೆದು ಒಳಗಿನ ಬಿಳಿಯನ್ನು ಚಿತ್ರವಾಗಿ ತೆಗೆಯುವ ವಿದ್ಯೆ. ಶಿರಸಿಯ ಮಾರಿಕಾಂಬೆಯ ಗುಡಿಯಲ್ಲಿ ಇದನ್ನು ನೋಡಬಹುದು. ಬಾದಾಮಿಯಲ್ಲಂತೂ ಬೆಟ್ಟದ ಕಲ್ಲೇ ಗುಹೆ, ಗುಡಿ, ಮನೆಗಳಿಗೆಲ್ಲ ಒದಗಿ, ಸಂಜೆಯ ಹೊತ್ತಿನಲ್ಲಿ ಊರು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ. ಹೊರಮೈಯ ವಿನ್ಯಾಸ ಎಂಬ ಮಾತಿಗೆ ನನಗೆ ತಿಳಿದ ಉತ್ತಮ ಉದಾಹರಣೆ ಅದು.

ಬಿಳಿಯ ಗೋಡೆಯ ಬುಡದಲ್ಲಿ ಮೊಳ ಎತ್ತರದ ಕೆಮ್ಮಣ್ಣಿನ ಪಟ್ಟಿ ಬಳಿಯುವ ನಮ್ಮ ಹಳೆಯ ಪದ್ಧತಿಯನ್ನೇ ತೆಗೆದುಕೊಳ್ಳಿ. ಅದು ಬರಿಯ ಅಲಂಕಾರವಲ್ಲ. ಸೂರಿನಿಂದ ಬಿದ್ದ ಮಳೆನೀರು ಅಂಗಳದ ಮಣ್ಣನ್ನು ಗೋಡೆಗೆ ಎರಚುತ್ತದೆ. ಎರಚಿದ ಮಣ್ಣಿನ ಬಣ್ಣವೇ ಗೋಡೆಯ ಬುಡಕ್ಕೂ ಇದ್ದರೆ ಕಲೆ ಕಾಣುವುದಿಲ್ಲ. ಮೇಲಿನ ಸುಣ್ಣದ ಬಿಳಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಎರಡೇ ಬಣ್ಣ, ಎರಡಕ್ಕೂ ಕೆಲಸ.

ಈಗ ನನ್ನ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ನನಗೆ ಪರಿಚಯದ ಗೃಹಸ್ಥರೊಬ್ಬರು ತಂದೆಯ ಕಾಲದ ಮನೆಯನ್ನು ಕೆಡವಿಸಿದರು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿಯೂ ಒಳಗೆ ತಂಪು. ಆ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿತು. ಗೃಹಪ್ರವೇಶಕ್ಕೆ ಮೊದಲು ಹೊರಗೋಡೆಯ ಬಣ್ಣ ಆರಿಸಲು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಬಹಳ ಹೊತ್ತು ಪುಸ್ತಕ ತಿರುವಿ ಅವರು ಮೆಚ್ಚಿದ ಬಣ್ಣದ ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಂದರೆ ‘ಹಸಿ ಮಣ್ಣು’ ಎಂದಾಗುತ್ತಿತ್ತು. ನಾನು ನಕ್ಕೆ. ಅವರು ನಗಲಿಲ್ಲ. “ಮೇಷ್ಟ್ರೇ, ಮಣ್ಣಿನ ಮನೆಯಲ್ಲಿದ್ದರೆ ನನ್ನ ಮಗಳನ್ನು ನೋಡಲು ಯಾರೂ ಬರುವುದಿಲ್ಲ” ಎಂದರು.

ಆ ಮಾತನ್ನು ನಾನು ತಳ್ಳಿಹಾಕಲಾರೆ. ಮಣ್ಣಿನ ಮನೆ ಎಂದರೆ ನಮ್ಮಲ್ಲಿ ಬಡತನ. ‘ಕಚ್ಚಾ ಮನೆ’ ಎಂಬ ಮಾತು ಅಂತಸ್ತನ್ನು ಅಳೆಯುವ ಕೋಲಾಗಿಬಿಟ್ಟಿದೆ. ಜನಗಣತಿಯ ಲೆಕ್ಕದಲ್ಲಿಯೂ ಮಣ್ಣಿನ ಗೋಡೆಯ ಮನೆ ಶಾಶ್ವತ ಮನೆಗಳ ಸಾಲಿಗೆ ಸೇರುವುದಿಲ್ಲ. ಸಿಮೆಂಟಿನ ಮೇಲೆ ಕೂತ ಮಣ್ಣಿನ ಬಣ್ಣಕ್ಕೆ ಅಭಿರುಚಿಯೆಂಬ ಹೆಸರು. ಮಣ್ಣಿನ ಮೇಲೆಯೇ ಇರುವ ಅದೇ ಬಣ್ಣಕ್ಕೆ ದಾರಿದ್ರ್ಯವೆಂಬ ಹೆಸರು. ಕೇರಿಯ ಕೊನೆಯ ಮನೆಯ ಗೋಡೆಯೂ ಹೊಸ ಬಡಾವಣೆಯ ಮೊದಲ ಮನೆಯ ಗೋಡೆಯೂ ದೂರದಿಂದ ಒಂದೇ ಬಣ್ಣವಾಗಿ ಕಾಣುವಾಗ, ಒಂದನ್ನು ಮೆಚ್ಚಿ ಇನ್ನೊಂದಕ್ಕೆ ಮೂಗುಮುರಿಯುವ ಕಣ್ಣು ನೋಡುತ್ತಿರುವುದು ಬಣ್ಣವನ್ನಲ್ಲ.

ಮಣ್ಣು ನಿಲ್ಲುವುದಿಲ್ಲ ಎಂಬ ವಾದವೂ ಅರ್ಧ ನಿಜ ಮಾತ್ರ. ಯೆಮೆನ್ ದೇಶದ ಶಿಬಾಮ್ ಪಟ್ಟಣದಲ್ಲಿ ಹಸಿ ಇಟ್ಟಿಗೆಯ ಬಹುಮಹಡಿ ಮನೆಗಳು 16ನೆಯ ಶತಮಾನದಿಂದ ನಿಂತಿವೆ. ಅದು ಮಳೆಯಿಲ್ಲದ ಸೀಮೆ ಎನ್ನಬಹುದು. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಮಣ್ಣಿನ ಗೋಡೆಗಳು ಬಾಳಿದವಲ್ಲ! ಅವುಗಳನ್ನು ಉಳಿಸಿದ್ದು ಇಳಿಯಬಿಟ್ಟ ಸೂರು, ಎತ್ತರದ ಕಲ್ಲಿನ ಪಾಯ. ಮತ್ತೆ, ವರ್ಷವರ್ಷವೂ ಗೋಡೆ ಮೆತ್ತಿ ಸಾರಿಸಿದ ಹೆಂಗಸರ ಕೈ. ಇದನ್ನು ಮರೆತು ಹಳೆಯ ಮನೆಗಳನ್ನು ಹಾಡಿಹೊಗಳುವವರನ್ನು ಕಂಡರೆ ನನಗೆ ಆಗದು. ಗೆದ್ದಲು, ಬಿರುಕು, ಹಬ್ಬ ಬಂತೆಂದರೆ ಬೆನ್ನು ಮುರಿಯುವ ಕೆಲಸ: ಇವುಗಳಿಂದ ಬಿಡುಗಡೆ ಬಯಸಿದವಳು ಸಿಮೆಂಟನ್ನು ಬಯಸಿದರೆ ಅದು ತಪ್ಪಲ್ಲ. ಹಿಂದಿನದಕ್ಕೆ ಹಿಂತಿರುಗಿ ಎಂದು ಹೇಳುವ ಅಧಿಕಾರ, ಒಂದು ದಿನವೂ ಗೋಡೆ ಸಾರಿಸದ ನನ್ನಂಥ ಗಂಡಸಿಗಿಲ್ಲ.

ನಡುವಣ ದಾರಿಯೊಂದು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಕೇಂದ್ರದ ವಿಜ್ಞಾನಿಗಳು, ಮಣ್ಣಿಗೆ ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಬೆರಸಿ, ಕೈಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಅದನ್ನು ಒಲೆಯಲ್ಲಿ ಸುಡಬೇಕಾಗಿಲ್ಲ; ನೀರುಣಿಸಿ ಹದಗೊಳಿಸಿದರೆ ಸಾಕು. ಹೊರಗೋಡೆಗೆ ಗಾರೆ ಬೇಡ, ಬಣ್ಣ ಬೇಡ. ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಯೂ ಸುಟ್ಟ ಇಟ್ಟಿಗೆಗೆ ಗಾರೆಯ ಮುಸುಕು ಹಾಕದೆ ನೂರಾರು ಮನೆ ಕಟ್ಟಿ, ಖರ್ಚನ್ನೂ ತಗ್ಗಿಸಿ ತೋರಿಸಿದರು. ಕಂದು ಬಣ್ಣದ ಮನೆ ಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ಬಣ್ಣದ ಅಂಗಡಿಯಲ್ಲಲ್ಲ, ಇಟ್ಟಿಗೆ ಮಾಡುವವರಲ್ಲಿ. ಆದರೆ ಇದನ್ನು ಕಟ್ಟಬಲ್ಲ ಮೇಸ್ತ್ರಿಗಳು ಎಲ್ಲ ಊರುಗಳಲ್ಲಿಯೂ ಸಿಕ್ಕುವುದಿಲ್ಲ ಎಂಬುದನ್ನೂ ಹೇಳಬೇಕು.

ಈಗಾಗಲೇ ಸಿಮೆಂಟಿನ ಮನೆ ಕಟ್ಟಿಸಿ, ಬಣ್ಣಕ್ಕಾಗಿ ಪುಸ್ತಕ ತಿರುವುತ್ತ ಕುಳಿತವರೂ ಈ ಪುಟವನ್ನು ಓದುತ್ತಿರಬಹುದು. ಅವರಿಗೆ ನನ್ನ ವಿನಂತಿ ಇಷ್ಟು. ಪಡುವಣ ಬಿಸಿಲು ಬೀಳುವ ಗೋಡೆಗೆ ಕಡುಕಂದು ಬಳಿಯಬೇಡಿ. ಕಲಬುರಗಿಯಂಥ ಊರಿನಲ್ಲಿ, ಬೇಸಗೆಯ ಬಿಸಿಲು 40 ಡಿಗ್ರಿ ದಾಟುವಾಗ, ಅದು ಸಂಜೆಯವರೆಗೆ ಕುಡಿದ ಕಾವನ್ನು ರಾತ್ರಿ ನೀವು ಮಲಗಿದ ಮೇಲೆ ಒಳಕ್ಕೆ ಬಿಡುತ್ತದೆ. ಕಡುಬಣ್ಣ ಬುಡಕ್ಕೆ, ಸಜ್ಜದ ನೆರಳಿಗೆ, ಬಾಗಿಲು ಕಿಟಕಿಗಳ ಮರಕ್ಕೆ ಇರಲಿ. ಕಲ್ಲಿನಂತೆ ಕಾಣುವ ಟೈಲ್ಸು ಅಂಟಿಸುವ ಹಣದಲ್ಲಿ ಜಗಲಿಗೆ ನಿಜವಾದ ಕಲ್ಲು ಹಾಸಬಹುದೇ ಎಂದು ಮೇಸ್ತ್ರಿಯನ್ನು ಕೇಳಿ. ಮಳೆ ಜೋರಾಗಿರುವ ಕಡೆ ಬಿಸ್ಕತ್ ಬಣ್ಣದ ಬರಿ ಗೋಡೆ ಪಾಚಿ ಹಿಡಿದು ಎರಡನೆಯ ವರ್ಷಕ್ಕೇ ಕಪ್ಪಾಗುತ್ತದೆ. ಅಲ್ಲಿ ಬಣ್ಣಕ್ಕಿಂತ ಮೊದಲು ಸೂರು ಇಳಿಸುವುದು ಜಾಣತನ. ಅಂಗಡಿಯ ದೀಪದಲ್ಲಿ ಕಂಡ ಬಣ್ಣವನ್ನು ನಂಬದೆ, ಗೋಡೆಯ ಒಂದು ಮೂಲೆಗೆ ಅಂಗೈಯಗಲ ಅಲ್ಲ, ಬಾಗಿಲಗಲ ಬಳಿಸಿ, ಬೆಳಗಿನಲ್ಲೊಮ್ಮೆ ಇಳಿಬಿಸಿಲಿನಲ್ಲೊಮ್ಮೆ ನೋಡಿ.

ಹಾಗೆ ನೋಡುವಾಗ ನಿಮ್ಮ ನಿವೇಶನದಲ್ಲಿ ಪಾಯ ತೆಗೆದಾಗ ಬಂದ ಮಣ್ಣನ್ನು ಒಂದು ಹಿಡಿ ಒಣಗಿಸಿ ಪಕ್ಕದಲ್ಲಿ ಹಿಡಿದುಕೊಳ್ಳಿ. ಶಿವಮೊಗ್ಗದ ಕಡೆ ಅದು ಇಟ್ಟಿಗೆಯ ಕೆಂಪಾಗಿರಬಹುದು, ಕೋಲಾರದ ಕಡೆ ಬೆಲ್ಲದ ಬಣ್ಣವಾಗಿರಬಹುದು. ಅದರ ಜೊತೆಗೆ ಜಗಳವಾಡದ ಬಣ್ಣ ಯಾವುದೆಂಬುದು ಪುಸ್ತಕದ ಸಹಾಯವಿಲ್ಲದೆಯೇ ಕಣ್ಣಿಗೆ ತಿಳಿಯುತ್ತದೆ. ಗದಗ, ನವಲಗುಂದಗಳ ಎರೆ ಸೀಮೆಯವರಿಗೆ ಮಾತ್ರ ಈ ಉಪಾಯ ಒದಗದು. ಅವರು ತಮ್ಮ ಹಳ್ಳಿಗಳ ಕರಿ ಹೊಲಗಳ ನಡುವೆ ಇನ್ನೂ ಉಳಿದಿರುವ ಬಿಳಿಮಣ್ಣು ಬಳಿದ ಮಾಳಿಗೆಮನೆಗಳನ್ನು ಒಮ್ಮೆ ನೋಡಿಬರಬೇಕು.