ಬಿಡುವಿಲ್ಲದವರ ಚರ್ಮರಕ್ಷಣೆ



ಬೆಳಗಿನ ಐದು ಗಂಟೆಗೆ ಎದ್ದು, ಅಂಗಳ ಸಾರಿಸಿ, ಸ್ನಾನ-ಲಿಂಗಪೂಜೆಗಳನ್ನು ಪೂರೈಸಿ, ಮಕ್ಕಳ ಡಬ್ಬಿಗೆ ರೊಟ್ಟಿ-ಪಲ್ಯ ತುಂಬಿ, ಎಂಟೂವರೆಯ ಬಸ್ಸಿಗೆ ಧಾವಿಸುವ ನಮ್ಮ ಸೋದರಿಯರಿಗೆ ಚರ್ಮದ ಆರೈಕೆಯ ಮಾತನ್ನು ಹೇಳಿದರೆ ಅವರು ನಕ್ಕುಬಿಡುತ್ತಾರೆ. “ಕೂತು ಉಣ್ಣುವುದಕ್ಕೇ ಬಿಡುವಿಲ್ಲ, ಇನ್ನು ಮುಖಕ್ಕೆ ಹಚ್ಚಿಕೊಳ್ಳುತ್ತ ಕೂಡುವುದೆಲ್ಲಿ ಬಂತು?” ಎಂಬುದು ಅವರ ಉತ್ತರ. ಹೊಲದಲ್ಲಿ ದಿನವಿಡೀ ದುಡಿಯುವ ಅಣ್ಣಂದಿರದೂ, ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂಡುವ ಹಿರಿಯರದೂ ಇದೇ ಮಾತು. ಆದರೆ ಅದೇ ಮನೆಯಲ್ಲಿ ಮಗಳಿಗೆ ವರ ನೋಡಲಾರಂಭಿಸಿದೊಡನೆ, ಯಾರ ಸಲಹೆಯ ಮೇಲೋ, ಔಷಧದ ಅಂಗಡಿಯಿಂದ ಸಣ್ಣದೊಂದು ಟ್ಯೂಬು ಬಂದು ಕನ್ನಡಿಯ ಮುಂದೆ ಕುಳಿತುಬಿಡುತ್ತದೆ. ಮಾಡಬೇಕಾದ ಅಲ್ಪವನ್ನು ಮಾಡದಿರುವುದು, ಮಾಡಬಾರದ್ದನ್ನು ಆತುರದಿಂದ ಮಾಡುವುದು. ಈ ಎರಡು ತಪ್ಪುಗಳನ್ನು ಕುರಿತೇ ಈ ತಿಂಗಳು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಶರಣರು ಕಾಯವನ್ನು ತುಚ್ಛವೆಂದು ಎಣಿಸಲಿಲ್ಲ. ಲಿಂಗವನ್ನು ಧರಿಸುವ ಅಂಗ ಅದು, ಕಾಯಕವನ್ನು ಮಾಡುವ ಸಾಧನವೂ ಅದೇ. 12ನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯವೃತ್ತಿಯ ಸಂಗಣ್ಣನವರಿದ್ದರು, ಬಟ್ಟೆ ಮಡಿ ಮಾಡುವ ಕಾಯಕದ ಮಾಚಿದೇವರಿದ್ದರು. ಕಾಯವನ್ನು ಸ್ವಚ್ಛವಾಗಿ, ಸ್ವಸ್ಥವಾಗಿ ಇಟ್ಟುಕೊಳ್ಳುವುದು ಅಲಂಕಾರದ ಮೋಹವಲ್ಲ, ಕಾಯಕದ ಸಿದ್ಧತೆ. ಈ ದೃಷ್ಟಿಯಿಂದ ನೋಡಿದರೆ ಚರ್ಮರಕ್ಷಣೆಗೆ ದಿನಕ್ಕೆ ಹತ್ತು ನಿಮಿಷ ಸಾಕು. ಹೆಚ್ಚಿನ ಹಣವೂ ಬೇಕಿಲ್ಲ.

ಚರ್ಮವೂ ಒಂದು ಕಾಯಕಜೀವಿ

ಶರೀರದ ಅವಯವಗಳಲ್ಲಿ ಅತಿ ವಿಸ್ತಾರವಾದದ್ದು ಚರ್ಮ. ಒಳಗಿನ ನೀರು ಹೊರಹೋಗದಂತೆ, ಹೊರಗಿನ ರೋಗಾಣುಗಳು ಒಳಬಾರದಂತೆ ಅದು ಹಗಲಿರುಳು ಕಾವಲಿರುತ್ತದೆ. ಬೆವರಿನ ಮೂಲಕ ದೇಹವನ್ನು ತಂಪಾಗಿಡುತ್ತದೆ. ಅದರ ಮೇಲ್ಪದರ ಸುಮಾರು ನಾಲ್ಕು ವಾರಗಳಲ್ಲಿ ಹೊಸದಾಗುತ್ತದೆ. ಆದ್ದರಿಂದ ಯಾವ ಒಳ್ಳೆಯ ಅಭ್ಯಾಸದ ಫಲವನ್ನೂ ಒಂದು ತಿಂಗಳಾದರೂ ಕಾದು ನೋಡಬೇಕು. ಮೂರು ದಿನಗಳಲ್ಲಿ ಮುಖವನ್ನು ಬದಲಿಸುವೆನೆಂದು ಹೇಳುವ ವಸ್ತುವನ್ನು ಸಂಶಯದಿಂದ ನೋಡುವುದೇ ಜಾಣತನ.

ನಮ್ಮ ಬಣ್ಣಕ್ಕೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದು ಕೊಳೆಯಲ್ಲ, ಕೊರತೆಯೂ ಅಲ್ಲ. ಉರಿಬಿಸಿಲಿನ ನೇರಳಾತೀತ ಕಿರಣಗಳಿಂದ ಒಳಪದರಗಳನ್ನು ಕಾಯುವ ಕೊಡೆ. ಅದನ್ನು ತಿಕ್ಕಿ ತೊಳೆಯಲು ಬಾರದು.

ಸ್ನಾನದ ಕ್ರಮ

ಸ್ನಾನವನ್ನು ನಾವೆಲ್ಲರೂ ತಪ್ಪದೆ ಮಾಡುತ್ತೇವೆ, ತಪ್ಪಿರುವುದು ಕ್ರಮದಲ್ಲಿ. ಹಂಡೆಯ ಕುದಿನೀರನ್ನು ಸುರಿದುಕೊಂಡು, ಒರಟು ಕಲ್ಲಿನಿಂದ ಮೈ ಕೆಂಪಾಗುವಂತೆ ತಿಕ್ಕಿದರೆ ಮಾತ್ರ ಸ್ನಾನವಾಯಿತೆಂದು ಹಲವರ ನಂಬಿಕೆ. ಅತಿಬಿಸಿ ನೀರು ಮತ್ತು ಅತಿಯಾದ ಸಾಬೂನು ಚರ್ಮದ ಸಹಜ ಜಿಡ್ಡನ್ನು ಕಳೆಯುತ್ತವೆ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲಗುಣದ್ದು. ಸಾಮಾನ್ಯ ಸಾಬೂನು ಕ್ಷಾರಗುಣದ್ದು. ಆದ್ದರಿಂದ ಕಂಕುಳು, ತೊಡೆಸಂದು, ಪಾದಗಳಿಗೆ ಸಾಬೂನು ಅವಶ್ಯ. ಬೆವರು, ಧೂಳು ಇಲ್ಲದ ದಿನ ಉಳಿದ ಮೈಗೆ ಉಗುರುಬೆಚ್ಚಗಿನ ನೀರೇ ಸಾಕು.

ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನದಲ್ಲಿ ನಮ್ಮ ಹಿರಿಯರ ವಿವೇಕವಿತ್ತು. ವಿಶೇಷವಾಗಿ ಉತ್ತರ ಕರ್ನಾಟಕದ ಒಣಚಳಿಯಲ್ಲಿ, ಪುಷ್ಯ-ಮಾಘ ಮಾಸಗಳಲ್ಲಿ, ಕಾಲು-ಕೈಗಳ ಚರ್ಮ ಬಿಳಿಚಿ ಬಿರುಕುಬಿಡುತ್ತದೆ. ಆಗ ಸ್ನಾನ ಮಾಡಿ ಮೈಯನ್ನು ಒತ್ತಿ ಒರೆಸಿ, ಪಸೆ ಆರುವ ಮೊದಲೇ ತುಸು ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಿಕೊಳ್ಳಬೇಕು. ಒಣಗಿದ ಮೇಲೆ ಹಚ್ಚುವುದಕ್ಕಿಂತ ಇದು ಹೆಚ್ಚು ಫಲಕಾರಿ, ಏಕೆಂದರೆ ಎಣ್ಣೆ ನೀರನ್ನು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಮೊಡವೆ ಏಳುವ ಮುಖಕ್ಕೆ ಮಾತ್ರ ಎಣ್ಣೆ ಬೇಡ. ಮೊಡವೆಗಳನ್ನು ಹಿಸುಕುವುದು, ಅವುಗಳಿಗೆ ಹಲ್ಲುಜ್ಜುವ ಪೇಸ್ಟನ್ನು ಮೆತ್ತುವುದು ಕಲೆಗಳಿಗೆ ಆಹ್ವಾನ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಗುರುತು ಉಳಿಯುತ್ತದೆ.

ಮನೆಯವರೆಲ್ಲರಿಗೂ ಒಂದೇ ಟವೆಲ್ ಇರುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿದೆ. ಗಜಕರ್ಣ ಒಬ್ಬರಿಂದ ಒಬ್ಬರಿಗೆ ದಾಟುವ ದಾರಿಗಳಲ್ಲಿ ಇದೂ ಒಂದು. ಪ್ರತಿಯೊಬ್ಬರಿಗೂ ಬೇರೆ ಟವೆಲ್ ಇರಲಿ, ಅದು ಬಿಸಿಲಲ್ಲಿ ಒಣಗಲಿ.

ಧರಿಸುವ ವಸ್ತುಗಳು

ಎದೆಯ ಮೇಲಿನ ಕರಡಿಗೆಯ ಕೆಳಗೆ, ಶಿವದಾರ ತಾಗುವ ಕತ್ತಿನಲ್ಲಿ, ಬೇಸಿಗೆಯಲ್ಲಿ ಬೆವರು ನಿಂತು ಗುಳ್ಳೆಗಳೇಳುವುದುಂಟು. ಶಿವದಾರವನ್ನು ವಾರಕ್ಕೊಮ್ಮೆ ಒಗೆದು ಒಣಗಿಸಿ ಧರಿಸಬೇಕು. ಎರಡು ದಾರಗಳಿದ್ದರೆ ಇನ್ನೂ ಒಳಿತು. ಹಣೆಯಲ್ಲಿ ತುರಿಕೆ ಕಂಡರೆ ವಿಭೂತಿಯನ್ನು ಬಿಡಬೇಕಾಗಿಲ್ಲ. ಸುಗಂಧದ್ರವ್ಯ ಬೆರೆಸಿದ್ದನ್ನು ಬಿಟ್ಟು ಶುದ್ಧವಾದದ್ದನ್ನು ಧರಿಸಿ ನೋಡಬೇಕು. ಅಂಟಿನ ಬಿಂದಿಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ವರ್ಣಕೋಶಗಳನ್ನೇ ಕೊಂದು, ಆ ಜಾಗದಲ್ಲಿ ಬಿಳಿಯ ಕಲೆಯನ್ನು ಉಳಿಸುತ್ತದೆ. ಬಿಂದಿಯ ಕೆಳಗೆ ತುರಿಕೆಯಾಗಲಿ, ಬಿಳಿಚಿದ ಗುರುತಾಗಲಿ ಕಂಡೊಡನೆ ಅದನ್ನು ನಿಲ್ಲಿಸಬೇಕು.

ನಮ್ಮ ತಾಯಂದಿರು ಸೀರೆಯ ಒಳಲಂಗದ ಲಾಡಿಯನ್ನು ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ಅಲ್ಲಿ ಚರ್ಮ ಕಪ್ಪಾಗಿ, ದಡ್ಡುಗಟ್ಟಿ, ಕೆಲವೊಮ್ಮೆ ಹುಣ್ಣಾಗುತ್ತದೆ. ಹಾಗೆ ಮಾಯದೆ ಉಳಿದ ಹುಣ್ಣು ಕ್ಯಾನ್ಸರಿಗೆ ತಿರುಗಿದ ಇಬ್ಬರು ಹಿರಿಯ ಮಹಿಳೆಯರ ವಿಷಯವನ್ನು ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ಇದು ವಿರಳ, ಗಾಬರಿ ಬೇಡ. ಆದರೆ ಲಾಡಿಯ ಬದಲು ಅಗಲವಾದ ಪಟ್ಟಿ ಹೊಲಿಸುವುದು, ಸಡಿಲವಾಗಿ ಕಟ್ಟುವುದು, ಕಟ್ಟುವ ಜಾಗವನ್ನು ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಈ ಅಂಕಣವನ್ನು ಓದಿದ ಸೊಸೆಯಂದಿರು ಅತ್ತೆಯವರನ್ನು ಒಮ್ಮೆ ಮೆಲ್ಲಗೆ ಕೇಳಿನೋಡಲಿ. ಹಿರಿಯರು ಇಂಥವನ್ನು ತಾವಾಗಿ ಹೇಳುವುದಿಲ್ಲ.

ಬಿಸಿಲು, ಆಹಾರ, ನಿದ್ರೆ

ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಬೆಳಗಿನ 10ರಿಂದ ಸಂಜೆ 4ರವರೆಗಿನ ಬಿಸಿಲು ಅತಿ ಕಠಿಣ. ತಲೆಯ ಮೇಲೆ ಸೆರಗು ಅಥವಾ ರುಮಾಲು, ತುಂಬುತೋಳಿನ ಹತ್ತಿಯ ಬಟ್ಟೆ, ಒಂದು ಕೊಡೆ. ಇವು ಅಗ್ಗದ ರಕ್ಷಣೆ. ದ್ವಿಚಕ್ರ ವಾಹನದಲ್ಲಿ ಓಡಾಡುವವರು, ಕೊಳ್ಳುವ ಶಕ್ತಿಯಿದ್ದರೆ, ಎಸ್.ಪಿ.ಎಫ್. 30 ಇರುವ ಬಿಸಿಲು ತಡೆಯುವ ಮುಲಾಮನ್ನು ಮುಖ-ಕತ್ತುಗಳಿಗೆ ಹಚ್ಚಿಕೊಳ್ಳಬಹುದು.

ಆಹಾರದಲ್ಲಿ ನಮ್ಮ ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯೆ-ಪುಂಡಿ-ರಾಜಗಿರಿ ಪಲ್ಯಗಳು, ಶೇಂಗಾ ಮತ್ತು ಅಗಸೆ ಚಟ್ನಿಗಳಿಗಿಂತ ಬೇರೆ ಔಷಧವನ್ನು ಹುಡುಕಬೇಕಾಗಿಲ್ಲ. ಆದರೆ ಶಾಕಾಹಾರಿಗಳಾದ ನಾವು ಒಂದನ್ನು ಮರೆಯಬಾರದು. ಬಿ-12 ಜೀವಸತ್ವ ಸಸ್ಯಾಹಾರದಲ್ಲಿ ದೊರೆಯದು. ನಮಗೆ ಅದು ಬರುವುದು ಹಾಲು, ಮೊಸರುಗಳಿಂದ. ಮಕ್ಕಳಿಗೂ ಗಂಡಸರಿಗೂ ಮೊಸರು ಬಡಿಸಿ, ಕಡೆಗೆ ತಾನು ತಿಳಿಮಜ್ಜಿಗೆಯಲ್ಲಿ ಊಟ ಮುಗಿಸುವ ಗೃಹಿಣಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಾಯಕದ ಮನೆಯಲ್ಲಿ ಅವಳ ಪಾಲಿನ ಪ್ರಸಾದ ಎಲ್ಲರಷ್ಟೇ ಇರಬೇಕು. ನಿದ್ರೆಯೂ ಹಾಗೆಯೇ, ಏಳು ಗಂಟೆಗಳ ನಿದ್ರೆಯನ್ನು ಯಾವ ಮುಲಾಮೂ ತುಂಬಿಕೊಡಲಾರದು.

ಚರ್ಮ ಹೇಳುವ ಮಾತು

ಚರ್ಮ ಒಳಗಿನ ವಾರ್ತೆಯನ್ನು ಹೊರಗೆ ಹೇಳುತ್ತದೆ. ನಾವು ಅದನ್ನು ಕೇಳದೆ ತಿಕ್ಕುತ್ತೇವೆ. ಕತ್ತಿನ ಹಿಂಭಾಗ, ಕಂಕುಳುಗಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ. ಎಷ್ಟೋ ಮಕ್ಕಳು ಇದಕ್ಕಾಗಿ ಮನೆಯಲ್ಲಿ ಬೈಗುಳ ತಿಂದಿದ್ದಾರೆ. ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡದಿರುವುದರ, ಮುಂದೆ ಸಕ್ಕರೆ ಕಾಯಿಲೆ ಬರಬಹುದೆಂಬುದರ ಸೂಚನೆ ಅದಾಗಿರಬಹುದು. ಬೆರಳಿನ ಗೆಣ್ಣುಗಳು ಹೊಸದಾಗಿ ಕಪ್ಪಾದರೆ ಬಿ-12ರ ಕೊರತೆ ಇರಬಹುದು. ಎಣ್ಣೆ ಹಚ್ಚಿದರೂ ಮೈ ಸದಾ ಒಣಗಿ, ಜೊತೆಗೆ ಆಯಾಸ, ತೂಕದ ಹೆಚ್ಚಳ ಇದ್ದರೆ ಥೈರಾಯ್ಡ್ ಗ್ರಂಥಿಯನ್ನು ಪರೀಕ್ಷಿಸಬೇಕು. ಸ್ಪರ್ಶಜ್ಞಾನವಿಲ್ಲದ ಮಸುಕು ಮಚ್ಚೆ ಕಂಡರೆ ಮುಚ್ಚಿಡದೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕುಷ್ಠರೋಗಕ್ಕೆ ಅಲ್ಲಿ ಉಚಿತ ಔಷಧವಿದೆ, ಅದು ಪೂರ್ಣ ಗುಣವಾಗುವ ರೋಗ. ಸಕ್ಕರೆ ಕಾಯಿಲೆಯವರು ರಾತ್ರಿ ಮಲಗುವ ಮುನ್ನ ಪಾದಗಳ ಅಡಿಯನ್ನು, ಬೆರಳಸಂದುಗಳನ್ನು ನೋಡಿಕೊಳ್ಳುವುದು ನಿತ್ಯನೇಮವಾಗಬೇಕು.

ಆ ಸಣ್ಣ ಟ್ಯೂಬು

ಈಗ ಕನ್ನಡಿಯ ಮುಂದಿನ ಟ್ಯೂಬಿಗೆ ಬರೋಣ. ಅದರ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂಬ ಹೆಸರುಗಳಿವೆಯೇ ನೋಡಿರಿ. ಇವು ಸ್ಟೀರಾಯ್ಡುಗಳು. ತಜ್ಞವೈದ್ಯರು ಇಂತಿಷ್ಟು ದಿನವೆಂದು ಬರೆದುಕೊಟ್ಟಾಗ ಇವು ಉತ್ತಮ ಔಷಧಗಳೇ. ಆದರೆ ಬೆಳ್ಳಗಾಗಲೆಂದು ಮುಖಕ್ಕೆ ನಿತ್ಯ ಹಚ್ಚಿದರೆ ಏನಾಗುತ್ತದೆ? ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ, ಮನೆಯವರೆಲ್ಲ ಹಿಗ್ಗುತ್ತಾರೆ. ಅನಂತರ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಮೇಲೆ ಕಾಣತೊಡಗುತ್ತವೆ. ಗುಳ್ಳೆಗಳೂ ಬೇಡದ ರೋಮಗಳೂ ಏಳುತ್ತವೆ. ಬಿಸಿಲು ತಾಗಿದರೆ ಉರಿಯುತ್ತದೆ. ಹಚ್ಚುವುದನ್ನು ಬಿಟ್ಟರೆ ಎಲ್ಲವೂ ಉಲ್ಬಣಿಸುವುದರಿಂದ ಮತ್ತೆ ಅದನ್ನೇ ಹಚ್ಚಬೇಕಾಗುತ್ತದೆ. ಗಜಕರ್ಣಕ್ಕೆ ಈ ಬೆರಕೆ ಮುಲಾಮನ್ನು ಹಚ್ಚಿದರೆ ತುರಿಕೆ ಅಡಗಿದಂತೆ ತೋರಿ, ರೋಗ ಮೈತುಂಬ ಹರಡುತ್ತದೆ. ಇದನ್ನು ಕಂಡೇ ಕೇಂದ್ರ ಸರ್ಕಾರವು 2018ರಲ್ಲಿ ಇಂಥ 14 ಸ್ಟೀರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಆದರೂ ಚೀಟಿ ಕೇಳದ ಅಂಗಡಿಗಳಿವೆ, ಕೇಳದಿದ್ದರೆ ಸಂತೋಷಪಡುವ ಗಿರಾಕಿಗಳೂ ಇದ್ದೇವೆ.

ಹೆಸರು-ವಿಳಾಸ ಸರಿಯಾಗಿಲ್ಲದ ಬೆಳ್ಳಗಾಗಿಸುವ ಮುಲಾಮುಗಳಲ್ಲಿ ಪಾದರಸವಿರುವ ಭಯ ಬೇರೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಬಂದ ಹಲವು ರೋಗಿಗಳು ಇಂಥ ಮುಲಾಮನ್ನು ಬಳಸುತ್ತಿದ್ದುದನ್ನು ಅಲ್ಲಿಯ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡವನ್ನು ಮುಟ್ಟಿತ್ತು.

ಇಂಥ ಟ್ಯೂಬನ್ನು ತಿಂಗಳುಗಟ್ಟಲೆ ಬಳಸಿದವರು ನಾಚಿಕೆಪಡದೆ ಚರ್ಮವೈದ್ಯರಲ್ಲಿಗೆ ಹೋಗಬೇಕು, ಟ್ಯೂಬನ್ನೂ ಜೊತೆಗೆ ಒಯ್ಯಬೇಕು. ಬಿಡುವ ಕ್ರಮವನ್ನು ಅವರೇ ಹೇಳುತ್ತಾರೆ.

ಆದರೆ ಟ್ಯೂಬನ್ನು ಮಾತ್ರ ದೂರಿ ಫಲವಿಲ್ಲ. ಅದನ್ನು ಮನೆಗೆ ತಂದವರು ಯಾರು? 2020ರಲ್ಲಿ ದೇಶದ ಪ್ರಸಿದ್ಧ ಮುಲಾಮೊಂದು ತನ್ನ ಹೆಸರಿನಿಂದ ‘ಬಿಳುಪು’ ಎಂಬರ್ಥದ ಪದವನ್ನು ಕೈಬಿಟ್ಟಿತು. ನಮ್ಮ ಸಮಾಜದ ವಧೂ-ವರರ ಪ್ರಕಟಣೆಗಳು ‘ಬೆಳ್ಳಗಿನ ಕನ್ಯೆ ಬೇಕು’ ಎಂಬ ಮಾತನ್ನು ಇನ್ನೂ ಪೂರ್ಣವಾಗಿ ಕೈಬಿಟ್ಟಿಲ್ಲ. ಹುಟ್ಟಿನಿಂದ ಮೇಲು-ಕೀಳನ್ನು ಎಣಿಸಬಾರದೆಂದು ಸಾರಿದ ಬಸವಣ್ಣನವರ ಅನುಯಾಯಿಗಳು ನಾವು. ಹುಟ್ಟಿನೊಡನೆ ಬಂದ ಬಣ್ಣದಿಂದ ಕನ್ಯೆಯನ್ನು ಅಳೆಯುವುದು ನಮಗೆ ಒಪ್ಪುವುದೇ? ಹೆಣ್ಣು ನೋಡಲು ಹೋದ ಹಿರಿಯರೊಬ್ಬರು “ತುಸು ಬಣ್ಣ ಕಡಿಮೆ” ಎಂದು ಅಂದುಬಂದ ಒಂದು ಮಾತು, ಆ ಮಗುವಿನ ಮುಖದ ಮೇಲೆ ಎಷ್ಟು ವರ್ಷಗಳ ಔಷಧವಾಗಿ ಉಳಿಯುತ್ತದೆ ಎಂಬುದನ್ನು ನಾವು ಯೋಚಿಸಬೇಕು.

ಹತ್ತು ನಿಮಿಷದ ದಿನಚರಿ

ಬಿಡುವಿಲ್ಲದವರು ನೆನಪಿಡಬೇಕಾದುದು ಇಷ್ಟೇ. ಬೆಳಿಗ್ಗೆ ಉಗುರುಬೆಚ್ಚಗಿನ ಸ್ನಾನ, ಪಸೆಯಿರುವಾಗಲೇ ಕೈಕಾಲುಗಳಿಗೆ ತುಸು ಎಣ್ಣೆ: ಮೂರು ನಿಮಿಷ. ಹೊರಡುವಾಗ ತಲೆಗೆ ನೆರಳು, ಚೀಲದಲ್ಲಿ ಕುಡಿಯುವ ನೀರು: ಒಂದು ನಿಮಿಷ. ಸಂಜೆ ಮನೆಗೆ ಬಂದೊಡನೆ ಮುಖ ತೊಳೆದು ಒತ್ತಿ ಒರೆಸುವುದು: ಎರಡು ನಿಮಿಷ. ರಾತ್ರಿ ಪಾದ ತೊಳೆದು, ಒಡೆದ ಹಿಮ್ಮಡಿಗೆ ಜೆಲ್ಲಿ ಸವರಿ ಕಾಲುಚೀಲ ಹಾಕಿಕೊಳ್ಳುವುದು: ನಾಲ್ಕು ನಿಮಿಷ. ವಾರಕ್ಕೊಮ್ಮೆ, ಬಿಡುವಾದಾಗ, ಮನೆಯವರು ಒಬ್ಬರ ಬೆನ್ನು-ಕತ್ತುಗಳನ್ನು ಒಬ್ಬರು ನೋಡಿ, ಹೊಸ ಮಚ್ಚೆ, ಮಾಯದ ಗಾಯ ಕಂಡರೆ ವೈದ್ಯರಿಗೆ ತೋರಿಸುವುದು.

ಇದರಿಂದ ಯಾರೂ ಬೆಳ್ಳಗಾಗುವುದಿಲ್ಲ. ಆದರೆ ಹಿಮ್ಮಡಿ ನೋಯದೆ ತಾಯಿ ನಡೆದಾಳು, ಕತ್ತಿನ ಕಪ್ಪಿನಿಂದ ಮಗನ ಸಕ್ಕರೆ ಕಾಯಿಲೆ ಮೊದಲೇ ತಿಳಿದೀತು, ಮಗಳು ತನ್ನ ಮುಖದಲ್ಲಿಯೇ ನೆಮ್ಮದಿಯಿಂದ ಕಂಗೊಳಿಸಿಯಾಳು. ಇಂದು ಸಂಜೆಯೇ ಮನೆಯ ಕನ್ನಡಿಯ ಮುಂದಿರುವ ಟ್ಯೂಬುಗಳ ಹೆಸರನ್ನೊಮ್ಮೆ ಓದಿರಿ ಎಂದು ಬಂಧುಗಳಲ್ಲಿ ವಿನಂತಿಸಿ ವಿರಮಿಸುತ್ತೇವೆ.