ಆಟದ ಹಿಂದಿನ ಕಥೆಗಳು: ಎಲ್ಲಿಂದ ಓದತೊಡಗಬೇಕು?

ಕಳೆದ ವರ್ಷ ಮಳೆಗಾಲದ ಭಾನುವಾರಗಳಂದು ನಮ್ಮ ವಿದ್ಯಾರ್ಥಿನಿಲಯದ ಮೇಲಂತಸ್ತಿನ ಕೋಣೆಯೊಂದರಲ್ಲಿ ಐದಾರು ಮಂದಿ ಮಿತ್ರರು ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಿದ್ದೆವು. ಇಸ್ಪೀಟಿರಬಹುದೆಂದು ನಿಲಯಪಾಲಕರು ಎರಡು ಸಲ ಬಂದು ನೋಡಿಹೋದದ್ದೂ ಉಂಟು. ಅದು ಇಸ್ಪೀಟಲ್ಲ, ‘ಕಾಲ್ ಆಫ್ ಕ್ತುಲ್ಹು’ ಎಂಬ ಅಮೆರಿಕದ ಆಟ. ಸ್ಯಾಂಡಿ ಪೀಟರ್ಸನ್ ಎಂಬವರು ರಚಿಸಿ, ೧೯೮೧ರಲ್ಲಿ ಕೇಯಾಸಿಯಂ ಎಂಬ ಸಂಸ್ಥೆ ಹೊರತಂದದ್ದು. ಇದಕ್ಕೆ ಹಾಸೂ ಇಲ್ಲ, ಕಾಯಿಗಳೂ ಇಲ್ಲ. ಒಬ್ಬನು ಕಥೆ ಹೇಳುತ್ತಾನೆ; ಉಳಿದವರು ಆ ಕಥೆಯೊಳಗಿನ ಪತ್ತೇದಾರರಾಗಿ, ಪತ್ರಕರ್ತರಾಗಿ, ಪ್ರಾಧ್ಯಾಪಕರಾಗಿ ಮಾತನಾಡುತ್ತಾರೆ. ಹತ್ತು ಮುಖದ ದಾಳಗಳು ನಮ್ಮ ಪೇಟೆಯಲ್ಲಿ ದೊರೆಯದಿದ್ದುದರಿಂದ ಸ್ಟೀಲು ಲೋಟದಲ್ಲಿ ಅಂಕಿಗಳ ಚೀಟಿ ಹಾಕಿ ಎತ್ತುತ್ತಿದ್ದೆವು.

ಈ ಆಟದಲ್ಲಿ ಪ್ರತಿಯೊಬ್ಬನಿಗೂ ಚಿತ್ತಸ್ವಾಸ್ಥ್ಯಕ್ಕೆಂದು ಒಂದು ಅಂಕವಿರುತ್ತದೆ. ಭಯಂಕರವಾದುದನ್ನು ಕಂಡಾಗ ಎತ್ತಿದ ಅಂಕಿ ಅದಕ್ಕಿಂತ ಹೆಚ್ಚಾಗಿ ಬಂದರೆ ಆ ಅಂಕ ಕುಗ್ಗುತ್ತದೆ. ಕುಗ್ಗುತ್ತ ಕುಗ್ಗುತ್ತ ಹುಚ್ಚು. ‘ಗ್ರಂಥಾಲಯದ ಉಪಯೋಗ’ ಎಂಬುದೂ ಅಲ್ಲಿ ಅಂಕವುಳ್ಳ ಒಂದು ವಿದ್ಯೆ. ಆದರೆ ಹಳೆಯ ಗ್ರಂಥಗಳಿಂದ ಆ ರಹಸ್ಯಗಳ ಜ್ಞಾನ ಎಷ್ಟು ಹೆಚ್ಚುತ್ತದೆಯೋ, ಚಿತ್ತಸ್ವಾಸ್ಥ್ಯ ಏರಬಹುದಾದ ಮಿತಿ ಅಷ್ಟೇ ಇಳಿಯುತ್ತದೆ. ಅಂದರೆ ಓದಿದವನು ಕೆಟ್ಟ!

ನನಗೆ ಈ ನಿಯಮ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ತಂದೆಯವರಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ. ಓದಿದರೆ ಮನುಷ್ಯ ಮೇಲಕ್ಕೆ ಬರುತ್ತಾನೆಂಬ ಒಂದೇ ನಂಬಿಕೆಯ ಮೇಲೆ ಎರಡು ಎಕರೆಯ ಬೆಳೆಯನ್ನು ನನ್ನ ಓದಿಗೆ ಹಾಕಿದವರು ಅವರು. ಓದುವುದೇ ಅಪಾಯವೆಂದು ಹೇಳುವ ಈ ಮಹಾನುಭಾವ ಯಾರೆಂದು ನೋಡಿಯೇಬಿಡೋಣವೆಂದು ಮೂಲಕಥೆಗಳನ್ನು ಹುಡುಕಿದೆ.

ಆತ ಎಚ್. ಪಿ. ಲವ್‌ಕ್ರಾಫ್ಟ್. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ೧೮೯೦ರಲ್ಲಿ ಹುಟ್ಟಿ ೧೯೩೭ರಲ್ಲಿ ಬಡತನದಲ್ಲೇ ತೀರಿಕೊಂಡ. ಆ ಊರಿನ ಬ್ರೌನ್ ವಿಶ್ವವಿದ್ಯಾನಿಲಯವನ್ನು ಸೇರುವ ಆಸೆ ಅವನಿಗಿತ್ತು; ಪ್ರೌಢಶಾಲೆಯೂ ಪೂರ್ತಿಯಾಗಲಿಲ್ಲ. ಪದವಿಯಿಲ್ಲದ ಈ ಮನುಷ್ಯ ತನ್ನ ಕಥೆಗಳಲ್ಲಿ ಮಿಸ್ಕಟಾನಿಕ್ ಎಂಬ ವಿಶ್ವವಿದ್ಯಾನಿಲಯವನ್ನೇ ಕಟ್ಟಿ, ಅದರ ಗ್ರಂಥಾಲಯದಲ್ಲಿ ಯಾರೂ ತೆರೆಯಬಾರದ ಪುಸ್ತಕವೊಂದನ್ನು ಬೀಗಹಾಕಿ ಇಟ್ಟ. ಇದನ್ನು ತಿಳಿದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಈ ಕಥೆಗಳ ಭಯವೂ ಬೇರೆ ಬಗೆಯದು. ನಮ್ಮ ಊರಿನ ದೆವ್ವಕ್ಕೆ ನಮ್ಮ ಪರಿಚಯವುಂಟು. ಅದಕ್ಕೊಂದು ದ್ವೇಷ, ಒಂದು ಬೇಡಿಕೆ, ಕೊನೆಗೆ ಒಂದು ಪರಿಹಾರವೂ ಉಂಟು. ಲವ್‌ಕ್ರಾಫ್ಟನ ಆಕಾಶದಿಂದ ಇಳಿಯುವುದಕ್ಕೆ ನಾವಿದ್ದೇವೆಂಬುದೇ ಲೆಕ್ಕಕ್ಕಿಲ್ಲ. ಅದು ಯಾರನ್ನೂ ಶಿಕ್ಷಿಸಲು ಬಂದದ್ದಲ್ಲ. ಯಾವ ಹರಕೆಯೂ ಅದನ್ನು ಮುಟ್ಟುವುದಿಲ್ಲ.

ಈಗ ನಾನು ಹೇಳಹೊರಟ ಮಾತಿಗೆ ಬರುತ್ತೇನೆ. ಆಟವಾಡಿದವರು ಯಾರೇ ಆಗಲಿ, ಆಟದ ಹೆಸರಿನ ಕಥೆಯಿಂದಲೇ ಆರಂಭಿಸು ಎನ್ನುತ್ತಾರೆ. ನಾನೂ ಹಾಗೆಯೇ ಮಾಡಿದೆ, ಅದು ತಪ್ಪು. ‘ದಿ ಕಾಲ್ ಆಫ್ ಕ್ತುಲ್ಹು’ ೧೯೨೬ರಲ್ಲಿ ಬರೆದು, ೧೯೨೮ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಅಚ್ಚಾದ ಕಥೆ. ಸತ್ತುಹೋದ ಪ್ರಾಧ್ಯಾಪಕನೊಬ್ಬನ ಕಾಗದಪತ್ರಗಳನ್ನು ಅವನ ಬಂಧುವೊಬ್ಬ ಜೋಡಿಸುತ್ತ ಹೋಗುತ್ತಾನೆ. ಒಂದು ಮಣ್ಣಿನ ಶಿಲ್ಪ, ಪೋಲೀಸರ ಒಂದು ವರದಿ, ನಾರ್ವೆಯ ನಾವಿಕನೊಬ್ಬನ ಬರಹ. ಬಿಡಿಬಿಡಿಯಾದ ಸಂಗತಿಗಳು ಕೂಡಿಕೊಂಡಾಗ ಭಯ ಹುಟ್ಟಬೇಕು. ಆದರೆ ಆಟವಾಡಿದವನಿಗೆ ಆ ರೂಪ ಮೊದಲೇ ಗೊತ್ತು. ರೆಕ್ಕೆ ಎಷ್ಟು, ಮೀಸೆಯಂತೆ ಜೋಲುವ ಬಾಹುಗಳೆಷ್ಟು ಎಂಬುದನ್ನೆಲ್ಲ ಚಿತ್ರದಲ್ಲಿ ಕಂಡಿರುತ್ತಾನೆ. ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತಾಗುತ್ತದೆ. ನಾನು ಎರಡು ಸಲ ಆಕಳಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಮೊದಲು ಓದಬೇಕಾದದ್ದು ‘ದಿ ಕಲರ್ ಔಟ್ ಆಫ್ ಸ್ಪೇಸ್’. ೧೯೨೭ರ ಸೆಪ್ಟೆಂಬರಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ನಲ್ಲಿ ಬಂತು, ಲೇಖಕನಿಗೂ ತನ್ನ ಕಥೆಗಳಲ್ಲಿ ಇದು ಅಚ್ಚುಮೆಚ್ಚು. ಇದರಲ್ಲಿ ಚಿತ್ರ ಬರೆಯಬಹುದಾದ ಯಾವ ಪ್ರಾಣಿಯೂ ಇಲ್ಲ. ಇರುವುದು ಹೆಸರಿಲ್ಲದ ಒಂದು ಬಣ್ಣ. ಆದ್ದರಿಂದ ಯಾವ ಆಟವೂ ಇದನ್ನು ಮೊದಲೇ ಕೆಡಿಸಲಾರದು.

ನೇಹಮ್ ಗಾರ್ಡ್‌ನರ್ ಒಬ್ಬ ಒಕ್ಕಲಿನವನು. ಹೆಂಡತಿ, ಮೂವರು ಗಂಡುಮಕ್ಕಳು, ದನಕರು, ಹಣ್ಣಿನ ತೋಟ. ೧೮೮೨ರ ಜೂನಿನಲ್ಲಿ ಅವನ ಬಾವಿಯ ಬಳಿ ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ವಿಶ್ವವಿದ್ಯಾನಿಲಯದಿಂದ ಮೂವರು ಪ್ರಾಧ್ಯಾಪಕರು ಬಂದು ತುಂಡು ಕೊಯ್ದುಕೊಂಡು ಹೋಗುತ್ತಾರೆ. ಆ ಕಲ್ಲು ಆರುವುದಿಲ್ಲ, ದಿನದಿನಕ್ಕೆ ಕುಗ್ಗುತ್ತದೆ, ಕೊನೆಗೆ ಸಿಡಿಲುಮಳೆಯ ಒಂದು ರಾತ್ರಿ ಕಾಣದಂತಾಗುತ್ತದೆ. ಪ್ರಾಧ್ಯಾಪಕರಿಗೆ ಅಲ್ಲಿಗೆ ವಿಷಯ ಮುಗಿಯಿತು. ನೇಹಮನಿಗೆ ಅಲ್ಲಿಂದ ಆರಂಭ. ಆ ವರ್ಷದ ಹಣ್ಣು ಹಿಂದೆಂದೂ ಕಾಣದಷ್ಟು ದಪ್ಪ, ಹೊಳಪು, ಬಾಯಿಗಿಟ್ಟರೆ ಕಹಿ. ಒಂದು ಹಣ್ಣೂ ಮಾರುವಂತಿಲ್ಲ. ಮುಂದೆ ಗಿಡಗಳು ರಾತ್ರಿ ಹೊತ್ತು ಮಿನುಗುತ್ತವೆ, ದನಗಳು ಬೂದಿಬಣ್ಣಕ್ಕೆ ತಿರುಗಿ ನಿಂತಲ್ಲೇ ಉದುರುತ್ತವೆ, ಹೆಂಡತಿಗೆ ಬುದ್ಧಿ ಕೆಡುತ್ತದೆ. ನೆರೆಯ ಆಮ್ಮಿ ಪಿಯರ್ಸ್, ಎತ್ತರದ ನೆಲದಲ್ಲಿ ಬೇರೆ ಬಾವಿ ತೋಡು ಎನ್ನುತ್ತಾನೆ, ಅವನು ತೋಡುವುದಿಲ್ಲ. ಅದೇ ನೀರು ಕುಡಿಯುತ್ತಾರೆ.

ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ರಾತ್ರಿ ಓದಿದೆ. ಹಿತ್ತಲಲ್ಲಿ ಬಾವಿಯಿರುವ ಮನೆಯವರು ಇದನ್ನು ಹಗಲು ಓದುವುದು ಒಳ್ಳೆಯದು.

ಆದರೆ ನನ್ನನ್ನು ಕಲಕಿದ್ದು ಬಾವಿಯಲ್ಲ. ತೋಟ ಕೆಡುತ್ತಿರುವ ಸುದ್ದಿ ಪಟ್ಟಣ ಮುಟ್ಟಿದಾಗ ಆ ಪ್ರಾಧ್ಯಾಪಕರು ಮತ್ತೆ ಬರುವುದಿಲ್ಲ. ಹಳ್ಳಿಯವರ ಮಾತು, ಮೂಢನಂಬಿಕೆ ಎಂದು ತಳ್ಳಿಬಿಡುತ್ತಾರೆ. ಅವರಲ್ಲೊಬ್ಬನಿಗೆ ಮಾತ್ರ, ಬಹಳ ತಡವಾಗಿ, ಪರೀಕ್ಷೆಗೆ ಬಂದ ಒಂದಿಷ್ಟು ಪುಡಿಯಲ್ಲಿ ಹಿಂದೆ ಕಲ್ಲಿನಲ್ಲಿ ಕಂಡಿದ್ದ ಆ ಬಣ್ಣದ ಪಟ್ಟೆಗಳ ನೆನಪಾಗುತ್ತದೆ. ಆಟದಲ್ಲಿ ಓದಿದವನು ಕೆಡುತ್ತಾನೆ. ಈ ಕಥೆಯಲ್ಲಿ ಓದಿದವರು ಸುಖವಾಗಿದ್ದಾರೆ. ಅವರು ಕಿವಿಗೊಡದ ಒಕ್ಕಲಿನವನು ಕೆಡುತ್ತಾನೆ. ಬರುವ ವರ್ಷ ನನ್ನ ಹೆಸರಿನ ಮುಂದೆ ಬಿ. ಎ. ಎಂದು ಬಂದಾಗ ನಾನು ಯಾರ ಸಾಲಿನಲ್ಲಿ ನಿಂತಿರುತ್ತೇನೆ? ಈ ಪ್ರಶ್ನೆಯನ್ನು ನಮ್ಮ ಗುರುವೃಂದದ ಮುಂದೆಯೂ ವಿನಯಪೂರ್ವಕವಾಗಿ ಇಡುತ್ತೇನೆ.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಲವ್‌ಕ್ರಾಫ್ಟನಲ್ಲಿ ಜನಾಂಗದ್ವೇಷ ವಿಪರೀತವಾಗಿತ್ತು. ೧೯೨೪ರಿಂದ ಎರಡು ವರ್ಷ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದಾಗ ಅಲ್ಲಿನ ವಲಸೆಗಾರರನ್ನು ಕಂಡು ಆತ ಪಟ್ಟ ಅಸಹ್ಯವೆಲ್ಲ ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯಲ್ಲಿ ಇಳಿದಿದೆ. ನಾನೂ ನೀವೂ ಆ ಬೀದಿಯಲ್ಲಿದ್ದಿದ್ದರೆ ಅವನ ಕಥೆಯಲ್ಲಿ ಪತ್ತೇದಾರನ ಪಕ್ಕದಲ್ಲಿ ನಮಗೆ ಜಾಗವಿರುತ್ತಿರಲಿಲ್ಲ. ನೆಲಮಾಳಿಗೆಯ ಗುಂಪಿನಲ್ಲೇ ನಿಲ್ಲಬೇಕಾಗಿತ್ತು. ಆಟದ ಹೆಸರಿನ ಕಥೆಯಲ್ಲೂ ಈ ವಿಷ ಸಾಕಷ್ಟಿದೆ. ಅದರಿಂದ ಆರಂಭಿಸಬೇಡಿರೆನ್ನುವುದಕ್ಕೆ ಇದೂ ಒಂದು ಕಾರಣ. ‘ವರ್ಲ್ಡ್ ಫ್ಯಾಂಟಸಿ’ ಪ್ರಶಸ್ತಿಯ ಫಲಕ ಬಹುಕಾಲ ಅವನ ಮುಖದ ಪ್ರತಿಮೆಯೇ ಆಗಿತ್ತು. ೨೦೧೧ರಲ್ಲಿ ಅದನ್ನು ಪಡೆದ ನೈಜೀರಿಯಾ ಮೂಲದ ಲೇಖಕಿ ನೆಡಿ ಒಕೊರಾಫೋರ್ ತಮಗಾದ ಇರಿಸುಮುರಿಸನ್ನು ಬಹಿರಂಗವಾಗಿ ಬರೆದರು. ೨೦೧೫ರಲ್ಲಿ ಆ ಪ್ರತಿಮೆಯನ್ನು ಕೈಬಿಟ್ಟರು. ಇಂಥವನನ್ನು ಓದಲೇಬಾರದೆಂದು ನನ್ನ ಕೊಠಡಿಯ ಮಿತ್ರನ ವಾದ. ನಾನು ಒಪ್ಪೆ. ಬರೆದವನು ಬೇರೆ, ಬರಹ ಬೇರೆ ಎಂದು ನುಣುಚಿಕೊಳ್ಳುವುದನ್ನೂ ಒಪ್ಪೆ. ರೆಡ್ ಹುಕ್ಕಿನ ಕಥೆಯನ್ನು ಓದುವುದಾದರೆ ವಿಕ್ಟರ್ ಲವಾಲ್ ೨೦೧೬ರಲ್ಲಿ ಬರೆದ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಜೊತೆಯಲ್ಲೇ ಓದಬೇಕು. ಅದೇ ಕಥೆಯನ್ನು ಹಾರ್ಲೆಮ್ಮಿನ ಒಬ್ಬ ಕಪ್ಪು ತರುಣನ ಕಡೆಯಿಂದ ಅವರು ಹೇಳಿದ್ದಾರೆ. ಜಗಳವಾಡಿಯೂ ಸಾಲ ತೀರಿಸಿದ್ದಾರೆ.

ಬಣ್ಣದ ಕಥೆಯಾದ ಮೇಲೆ ಆಲ್ಜರ್ನನ್ ಬ್ಲ್ಯಾಕ್‌ವುಡ್ ೧೯೦೭ರಲ್ಲಿ ಪ್ರಕಟಿಸಿದ ‘ದಿ ವಿಲೋಸ್’ ಹಿಡಿಯಬಹುದು. ಡ್ಯಾನ್ಯೂಬ್ ನದಿಯ ಪ್ರವಾಹದಲ್ಲಿ ಕರಗುತ್ತಿರುವ ಮರಳುದಿಬ್ಬದ ಮೇಲೆ ಇಬ್ಬರು ದೋಣಿಗರು. ಸುತ್ತ ನೀರವಂಜಿಯ ಪೊದೆಗಳು, ಅಷ್ಟೆ. ಲವ್‌ಕ್ರಾಫ್ಟ್ ಇದನ್ನು ಬಹಳ ಮೇಲಿಟ್ಟಿದ್ದ. ಆ ಬಳಿಕ ಕ್ತುಲ್ಹುವಿಗೆ ಬನ್ನಿ, ಆಗ ಆಕಳಿಕೆ ಬಾರದು. ಚೇಂಬರ್ಸನ ‘ದಿ ಕಿಂಗ್ ಇನ್ ಯೆಲ್ಲೋ’ (೧೮೯೫) ಪುಸ್ತಕದಲ್ಲಿ ಮೊದಲ ನಾಲ್ಕು ಕಥೆಗಳು ಸಾಕು, ಉಳಿದವು ಬೇರೆ ಜಾತಿಯವು. ಅಂಟಾರ್ಕ್ಟಿಕದ ನೀಳ್ಗತೆ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ಬೇಸಗೆ ರಜೆಗಿರಲಿ. ಲವಾಲರ ಪುಸ್ತಕವೊಂದನ್ನು ಬಿಟ್ಟು ಉಳಿದವಕ್ಕೆಲ್ಲ ಕಾಸು ಕೊಡಬೇಕಾಗಿಲ್ಲ. ಹಕ್ಕಿನ ಅವಧಿ ಮುಗಿದಿದೆ.

ದೀಪಾವಳಿಗೆ ಊರಿಗೆ ಹೋದಾಗ ನೇಹಮನ ಕಥೆಯನ್ನು ತಂದೆಯವರಿಗೆ ಹೇಳಿದೆ. ಅಷ್ಟಾದರೂ ಅವನು ಆ ಜಾಗ ಬಿಟ್ಟು ಹೋಗಲಿಲ್ಲವೇಕೆ ಎಂಬಲ್ಲಿ, ಆ ಬಣ್ಣವೇ ಅವರನ್ನು ಹಿಡಿದುಕೊಂಡಿತ್ತಂತೆ ಎಂದು ವಿವರಿಸಿದೆ. ತಂದೆಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿದರು.

“ಅದಕ್ಕೆ ಬಣ್ಣ ಯಾಕೆ ಬೇಕು? ಜಮೀನು ಬಿಟ್ಟು ಎಲ್ಲಿಗೆ ಹೋದಾನು?” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಆ ಮೂವರು ಮೇಷ್ಟ್ರು ಆಮೇಲೆ ಬರಲೇ ಇಲ್ಲವೋ?” ಎಂದು ಕೇಳಿದರು.